ಹತ್ತಕ್ಕೆ ಆರು ಎಂಬ ಅನುಮಾನ

ಮೊನ್ನೆ ಆನ್‌ಲೈನಿನಲ್ಲಿ ಒಂದು ಬಾಣಲೆ ತರಿಸಿದೆ. ಅದರ ರಟ್ಟಿನ ಪೆಟ್ಟಿಗೆ ಇನ್ನೂ ಬಾಗಿಲ ಬಳಿಯೇ ಇತ್ತು, ಅಷ್ಟರಲ್ಲಿ ಇದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಮೊಬೈಲು ಕೇಳಿತು. ಒಂದು ಒಗ್ಗರಣೆಯನ್ನೂ ಹಾಕದೆ ಬಾಣಲೆಯ ಗುಣ ಹೇಳುವುದು ಹೇಗೆ? ಬೇರೆಯವರು ಏನು ಬರೆದಿದ್ದಾರೋ ನೋಡೋಣ ಎಂದು ಓದಿದೆ. ಒಬ್ಬರು 'ತುಂಬಾ ಚೆನ್ನಾಗಿದೆ, ಇನ್ನೂ ಬಳಸಿಲ್ಲ' ಎಂದು ಐದು ನಕ್ಷತ್ರ ಕೊಟ್ಟಿದ್ದರು. ಇನ್ನೊಬ್ಬರು, ತಂದುಕೊಟ್ಟವನು ಮೆಟ್ಟಿಲು ಹತ್ತಿ ಬರಲಿಲ್ಲ ಎಂಬ ಸಿಟ್ಟಿಗೆ ಬಾಣಲೆಗೆ ಒಂದು ಕೊಟ್ಟಿದ್ದರು. ಮೂರು ಕೊಟ್ಟವರು ಮಾತ್ರ ಏನನ್ನೂ ಬರೆದಿರಲಿಲ್ಲ. ನನಗೆ ಅನುಮಾನ ಬಂದದ್ದು ಆ ಮೂರರವರ ಮೇಲೆಯೇ.

ನನಗೆ ಅನುಮಾನ ಸ್ವಲ್ಪ ಜಾಸ್ತಿ. ನಮ್ಮ ಮನೆಯವರು ಅದನ್ನು ರೋಗ ಅನ್ನುತ್ತಾರೆ, ನಾನು ಅನುಭವ ಅನ್ನುತ್ತೇನೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಇಷ್ಟು ವರ್ಷ ಕನ್ನಡ ಪಾಠ ಮಾಡಿ, ಒಂದೇ ಹುಡುಗನಿಗೆ ಒಂದೇ ವರ್ಷದಲ್ಲಿ ಮೂವರು ಅಜ್ಜಿಯರು ತೀರಿಕೊಂಡದ್ದನ್ನು ಕಂಡವಳು ನಾನು. ಹಾಲಿನವನು ಇವತ್ತು ಹಾಲು ಗಟ್ಟಿಯಾಗಿದೆ ಅಂದರೆ ನಿನ್ನೆಯದು ನೆನಪಾಗುತ್ತದೆ. ಯಾರಾದರೂ ನೆಂಟರು ನನ್ನ ಸಾರನ್ನು ಹೊಗಳಿದರೆ ಪಲ್ಯ ಕೆಟ್ಟಿದೆ ಎಂದು ತಿಳಿದುಕೊಂಡು ಒಳಗೆ ಹೋಗಿ ರುಚಿ ನೋಡುತ್ತೇನೆ. ಹತ್ತಕ್ಕೆ ಎಂಟು ಸಲ ನನ್ನ ಅನುಮಾನವೇ ಸರಿಯಾಗಿರುತ್ತದೆ.

ಆದರೆ ಮಧ್ಯದ ಅಂಕಗಳ ಮೇಲಿನ ಅನುಮಾನ ಬೇರೆಯದೇ ಜಾತಿಯದು. ಯಾಕೆಂದರೆ ಅವುಗಳನ್ನು ಕೊಟ್ಟವಳು ನಾನೇ. ಮೌಲ್ಯಮಾಪನದ ದಿನಗಳಲ್ಲಿ ಮಧ್ಯಾಹ್ನ ಮೊಸರನ್ನ ತಿಂದು ಫ್ಯಾನಿನ ಕೆಳಗೆ ಕೂತರೆ ಅಕ್ಷರಗಳು ಒಂದರ ಮೇಲೊಂದು ಮಲಗುತ್ತವೆ. ಆಗ ಪ್ರಬಂಧದ ಮೊದಲ ನಾಲ್ಕು ಸಾಲು, ಕೊನೆಯ ಎರಡು ಸಾಲು ಓದಿ ಹತ್ತಕ್ಕೆ ಆರು ಹಾಕುವುದು. ಸೊನ್ನೆ ಹಾಕಿದರೆ ಮೇಲಿನವರು ಕರೆದು ಯಾಕೆ ಅಂತ ಕೇಳುತ್ತಾರೆ. ಹತ್ತು ಹಾಕಿದರೂ ಕೇಳುತ್ತಾರೆ. ಆರನ್ನು ಯಾರೂ ಕೇಳುವುದಿಲ್ಲ. ಬಿಳಿಗೆರೆ ಕಡೆಯಿಂದ ಬರುತ್ತಿದ್ದ ಪದ್ಮಾ ಮೇಡಂ ಅದಕ್ಕೆ ನಿದ್ದೆ ಮಾರ್ಕ್ಸು ಎಂದೇ ಹೆಸರಿಟ್ಟಿದ್ದರು. ಎಷ್ಟು ಮಕ್ಕಳ ಎಂತೆಂಥ ಮಾತುಗಳು ಆ ಆರರ ಕೆಳಗೆ ಓದದೆ ಉಳಿದವೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ವರ್ಷ ನನ್ನ ಸೋದರಸೊಸೆ ಚಂದನಳ ವಿಡಿಯೋ ಗೇಮಿಗೆ ಒಬ್ಬ ವಿಮರ್ಶಕ ಹತ್ತಕ್ಕೆ ಆರು ಕೊಟ್ಟ.

ಚಂದನ ನಮ್ಮಣ್ಣನ ಮಗಳು. ಅಣ್ಣ ಮಹದೇವಪ್ಪ ಇರುವುದು ನಮ್ಮ ತವರೂರಿನಲ್ಲಿ, ತಿ. ನರಸೀಪುರದಿಂದ ಆಚೆಗೆ ಅರ್ಧ ಗಂಟೆಯ ದಾರಿ. ಅಪ್ಪನ ಕಾಲದಿಂದಲೂ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಡುಗಿ ಮೈಸೂರಿನಲ್ಲಿ ಕಂಪ್ಯೂಟರ್ ಓದಿ ಊರಿಗೆ ವಾಪಸು ಬಂದು, ಹುಳುಮನೆಯ ಪಕ್ಕದ ಸೊಪ್ಪಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ನಾನೊಂದು ಗೇಮ್ ಮಾಡುತ್ತೇನೆ ಅಂದಳು. ಗೇಮ್ ಅಂದರೆ ನನಗೆ ಗೊತ್ತಿದ್ದದ್ದು ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಲ್ಲಿ ಟಿವಿಗೆ ವೈರು ಸಿಕ್ಕಿಸಿ ಹುಡುಗರು ಬಾತುಕೋಳಿ ಹೊಡೆಯುತ್ತಿದ್ದದ್ದು. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಆ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ನಡೆಯಬೇಕಿತ್ತು. ನಾನೂ ತಗ್ಗಿಸಿಕೊಂಡೇ ಓರೆಗಣ್ಣಿನಲ್ಲಿ ಎಷ್ಟು ಬಾತುಕೋಳಿ ಬಿದ್ದವು ಎಂದು ಎಣಿಸುತ್ತಿದ್ದೆ.

ಅಣ್ಣ ಬೈಯಲೂ ಇಲ್ಲ, ಒಪ್ಪಲೂ ಇಲ್ಲ. ಒಂದು ವರ್ಷ ನೋಡೋಣ ಅಂದ. ಅಷ್ಟರೊಳಗೆ ತಿಳಿದವರು ನಾಲ್ಕು ಜನ ಇದು ಚೆನ್ನಾಗಿದೆ ಅಂದರೆ ಸರಿ, ಇಲ್ಲದಿದ್ದರೆ ನಂಜನಗೂಡಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಅತ್ತಿಗೆಯ ತಮ್ಮ ನೋಡಿಟ್ಟಿದ್ದ ಕೆಲಸಕ್ಕೆ ಸೇರಿಬಿಡಬೇಕು. ಹುಡುಗಿ ಒಪ್ಪಿದಳು. ಹುಡುಗಿ ಅಷ್ಟು ಸಲೀಸಾಗಿ ಒಪ್ಪಿದ್ದರ ಮೇಲೂ ನನಗೆ ಸ್ವಲ್ಪ ಅನುಮಾನವಿತ್ತು. ಆದರೆ ಅವಳು ನಿಜಕ್ಕೂ ಹಗಲೆಲ್ಲ ಕೂತು ಕೆಲಸ ಮಾಡಿದಳು.

ತಮಾಷೆಯೆಂದರೆ ಅಣ್ಣ ಆ ಗೇಮನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಇದಕ್ಕೆ ಕಾರಣ ಗೂಡಿನ ಮಾರುಕಟ್ಟೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ನೋಡಿದ್ದೇನೆ. ನಮ್ಮ ಗೂಡು ರಾಶಿಯಾಗಿ ಸುರಿದಿರುತ್ತದೆ. ನೂಲು ತೆಗೆಯುವ ರೀಲರ್ ಬಂದು ಮೇಲಿನ ಗೂಡನ್ನು ಕಣ್ಣೆತ್ತಿಯೂ ನೋಡದೆ ಮೊಣಕೈಯವರೆಗೆ ರಾಶಿಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ, ಏನೂ ಹೇಳದೆ ಮುಂದಕ್ಕೆ ಹೋಗುತ್ತಾನೆ. ಅಪ್ಪ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತಿದ್ದ. ಬೆಳೆದವನು ತನ್ನ ಗೂಡಿನ ಗುಣದ ಬಗ್ಗೆ ತಾನೇ ಮಾತಾಡಬಾರದು ಎಂಬುದು ನಮ್ಮವರ ಮರ್ಯಾದೆ. ಮನೆಯಲ್ಲೂ ಅಷ್ಟೇ, ತಟ್ಟೆಯ ಮೇಲೆ ಹುಳು ಎಷ್ಟೇ ಕಳೆಕಳೆಯಾಗಿದ್ದರೂ ಚೆನ್ನಾಗಿವೆ ಎಂದು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ, ದೃಷ್ಟಿಯಾಗುತ್ತದೆ. 'ಏನೋ ಅವೆ' ಅನ್ನುವುದೇ ನಮ್ಮಲ್ಲಿ ದೊಡ್ಡ ಹೊಗಳಿಕೆ. ಹೀಗೆ ಬೆಳೆದ ಅಣ್ಣ ಮಗಳ ಗೇಮಿನ ಬೆಲೆಯನ್ನೂ ಹೊರಗಿನವರೇ ಹೇಳಲಿ ಎಂದು ಕೈ ಕಟ್ಟಿ ನಿಂತಿದ್ದ.

ಗೇಮ್ ಇರುವುದೂ ಹುಳು ಸಾಕುವುದರ ಬಗ್ಗೆಯೇ. ಆಡುವವರಿಗೆ ಒಂದು ಹುಳುಮನೆ, ಒಂದು ಹಿಪ್ಪುನೇರಳೆ ತೋಟ, ಸಾಸಿವೆ ಕಾಳಿನಷ್ಟು ಮರಿಹುಳುಗಳು. ಇಪ್ಪತ್ತೆಂಟು ದಿನ ಸೊಪ್ಪು ಕೊಯ್ದು, ಹೆಚ್ಚಿ, ಹಾಕಿ, ಕಸ ತೆಗೆದು, ಹಣ್ಣಾದ ಹುಳುಗಳನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟು, ಗೂಡು ಕಟ್ಟುವವರೆಗೆ ಕಾಯಬೇಕು. ಗೇಮಿನ ಒಂದು ದಿನ ಅಂದರೆ ನಮ್ಮ ಕಾಲು ಗಂಟೆ. ಚಂದನ ಅದನ್ನು ನಮ್ಮೂರಿನ ನಾಲ್ಕು ಮನೆಯವರ ಕೈಯಲ್ಲಿ ಆಡಿಸಿ, ತಪ್ಪು ತಿದ್ದಿ, ಕೊನೆಗೆ ಎಲ್ಲರೂ ಕೊಳ್ಳುವ ಕಡೆ ಇಟ್ಟಳು. ಇಂಥದಕ್ಕೆ ತೀರ್ಪು ಬರೆಯುವವರಿಗೆಲ್ಲ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತಳು.

ಕಾಯುವ ಆ ದಿನಗಳಲ್ಲಿ ನಾನು ಇಂಥ ತೀರ್ಪುಗಳನ್ನು ಹುಡುಕಿ ಹುಡುಕಿ ಓದಿದೆ. ಶತ್ರುವಿನ ಚರ್ಯೆ ಮೊದಲೇ ತಿಳಿದಿರಲಿ ಎಂದು. ಒಂಬತ್ತು ಬಂದ ಗೇಮುಗಳ ಬಗ್ಗೆ ಹಬ್ಬದೂಟದ ಹಾಗೆ ಬರೆಯುತ್ತಾರೆ, ಮೂರು ಬಂದವುಗಳ ಬಗ್ಗೆ ಇನ್ನೂ ಉತ್ಸಾಹದಿಂದ ಬರೆಯುತ್ತಾರೆ. ಐದು, ಆರು ಬಂದವಕ್ಕೆ ಮಾತ್ರ ಎಲ್ಲರದೂ ಒಂದೇ ಭಾಷೆ. ನೋಡಲು ಅಂದವಾಗಿದೆ, ಆದರೆ. ಹೊಸ ಪ್ರಯತ್ನ, ಆದರೆ. ಈ ಬಗೆಯ ಆಟ ಇಷ್ಟಪಡುವವರಿಗೆ ಇಷ್ಟವಾಗಬಹುದು, ಆದರೆ. ಹೆಣ್ಣು ನೋಡಿಕೊಂಡು ಬಂದ ಮೇಲೆ ನಮ್ಮ ದೊಡ್ಡತ್ತೆ ಹೀಗೆಯೇ ಮಾತಾಡುತ್ತಿದ್ದಳು. ಹುಡುಗಿ ಲಕ್ಷಣವಾಗವಳೆ, ಆದ್ರೆ. ಆ ಆದರೆಯ ಮುಂದೆ ಏನು ಬರುತ್ತದೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ, ಬಾಗಿಲನ್ನು ಪೂರ್ತಿ ಮುಚ್ಚದೆ ಇಟ್ಟುಕೊಂಡಿರುತ್ತಿದ್ದಳು. ಈ ವಿಮರ್ಶಕರೂ ಪೂರ್ತಿ ಆಡದೆ, ಮೊದಲ ನಾಲ್ಕು ಸಾಲು ಕೊನೆಯ ಎರಡು ಸಾಲು ನೋಡಿ ಆರು ಹಾಕುತ್ತಾರೆ ಎಂದು ನನಗೆ ಖಚಿತವಾಯಿತು. ಕಳ್ಳರ ಗುರುತು ನನಗೆ ಗೊತ್ತಾಗದೆ ಇರುತ್ತದೆಯೇ?

ಅತ್ತೆಯಾದವಳು ಸುಮ್ಮನಿದ್ದರೆ ಆಗುತ್ತದೆಯೇ ಎಂದು ನಾನೂ ಗೇಮ್ ಕೊಂಡೆ. ಮರಿಹುಳುಗಳಿಗೆ ಎರಡು ಸಲ ಸೊಪ್ಪು ಹಾಕಿದೆ. ಚಿತ್ರಗಳು ಮುದ್ದಾಗಿದ್ದವು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ. ಸಂಜೆ ಬಂದು, ಆಡಿದವರು ಅಭಿಪ್ರಾಯ ಬರೆಯುವ ಜಾಗದಲ್ಲಿ, ಇದೊಂದು ಅಪೂರ್ವ ಅನುಭವ, ಹತ್ತಕ್ಕೆ ಹತ್ತು ಎಂದು ಒಂದು ಪುಟ ಬರೆದೆ. ನಾನು ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಗೇಮಿನ ಮೊದಲ ದಿನದ ಸೂರ್ಯ ಇನ್ನೂ ಮುಳುಗಿರಲಿಲ್ಲ. ಆಗ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ಸ್ವಂತದವರಿಗೆ ಕೊಡುವ ಅಂಕಕ್ಕೆ ಓದುವ ಕಟ್ಟುಪಾಡು ಇಲ್ಲ ಎಂದುಕೊಂಡಿದ್ದೆ.

ಕೊನೆಗೊಂದು ತೀರ್ಪು ಬಂತು. ಒಂದೇ ಒಂದು. ಎಲ್ಲೋ ದೂರದ ಊರಿನವನು, ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕೆಳಗೆ ಆರು ಎಂದು ಹಾಕಿದ್ದ. ಓದಿದೆ. ಹುಳುಗಳು ಬೆಳೆಯುವುದನ್ನು ನೋಡುವುದು ಮನಸ್ಸಿಗೆ ಹಿತ, ಆದರೆ ಆಟದಲ್ಲಿ ನಾಲ್ಕು ಕಡೆ ದೊಡ್ಡ ದೋಷವಿದೆ, ಇದ್ದಕ್ಕಿದ್ದಂತೆ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ನಿಂತುಬಿಡುತ್ತವೆ, ಎಷ್ಟು ಸೊಪ್ಪು ಹಾಕಿದರೂ ತಿನ್ನುವುದಿಲ್ಲ, ಸೊಪ್ಪು ಹಾಕಿದಷ್ಟೂ ಸಾಯುತ್ತವೆ, ತಯಾರಕರು ಕೂಡಲೇ ಇದನ್ನು ಸರಿಪಡಿಸಬೇಕು ಎಂದು ಬರೆದಿದ್ದ.

ನಾನು ಅಲ್ಲಿಗೇ ಓದು ನಿಲ್ಲಿಸಿ ಗಟ್ಟಿಯಾಗಿ ನಕ್ಕೆ. ಅದು ಜ್ವರ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತೇವೆ. ಆಗ ಅದು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಸೊಪ್ಪು ಹಾಕಬಾರದು, ಮುಟ್ಟಬಾರದು, ಏಳುವವರೆಗೆ ಕಾಯಬೇಕು. ಅಮ್ಮ ಮನೆಯಲ್ಲಿ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ನಮ್ಮ ಬಾಲ್ಯದ ರಜೆಗಳೆಲ್ಲ ಹುಳುವಿನ ಜ್ವರದ ದಿನಗಳೇ. ಆ ದಿನ ಸೊಪ್ಪು ಕೊಯ್ಯುವ ಕೆಲಸವಿಲ್ಲದೆ ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತಿದ್ದ, ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ನಾವು ಹೊಳೆಗೆ ಓಡುತ್ತಿದ್ದೆವು. ಇಷ್ಟು ಗೊತ್ತಿಲ್ಲದವನು ತೀರ್ಪು ಕೊಡಲು ಕೂತಿದ್ದಾನೆ. ನನ್ನ ಅನುಮಾನ ನಿಜವಾದ ಖುಷಿಯಲ್ಲಿ ಅವನ ಬರಹದ ಕೆಳಗೆ, ನೀವು ಈ ಆಟವನ್ನು ಪೂರ್ತಿ ಆಡಿಯೇ ಇಲ್ಲ ಎಂದು ಖಾರವಾಗಿ ಬರೆದು, ಹೆಸರಿನ ಜೊತೆಗೆ ಹೈಸ್ಕೂಲ್ ಶಿಕ್ಷಕಿ ಎಂದೂ ಸೇರಿಸಿದೆ.

ಅದೇ ಭಾನುವಾರ ಬಸ್ಸು ಹಿಡಿದು ತವರಿಗೆ ಹೋದೆ. ಅಣ್ಣ ಜಗಲಿಯ ಬೆಂಚಿನ ಮೇಲೆ ಕೂತಿದ್ದ. ಅತ್ತಿಗೆ ಹಸಿ ಅವರೆಕಾಯಿ ಸುಲಿಯುತ್ತಿದ್ದರು. ಚಂದನ ಕಂಬಕ್ಕೆ ಒರಗಿ ನಿಂತಿದ್ದಳು, ಮುಖದಲ್ಲಿ ಗೆಲುವಿರಲಿಲ್ಲ. ಆರು ಅಂದರೆ ಪಾಸೋ ಫೇಲೋ ಎಂದು ಅಣ್ಣ ನನ್ನನ್ನು ಕೇಳಿದ. ಟೀಚರಲ್ಲವೇ, ತೀರ್ಮಾನ ನನ್ನ ಬಾಯಲ್ಲಿ ಬರಲಿ ಎಂದು. ನಾನು ಶುರು ಮಾಡಿದೆ. ಆರು ಅನ್ನುವುದು ಅಂಕವೇ ಅಲ್ಲ, ಅವನು ಆಡಿಯೇ ಇಲ್ಲ, ಇಂಥವರ ಬರಹವನ್ನೆಲ್ಲ ನಾನು ಓದಿ ನೋಡಿದ್ದೇನೆ, ಇದನ್ನು ನಂಬಿ ಹುಡುಗಿಯನ್ನು ಫ್ಯಾಕ್ಟರಿಗೆ ಕಳಿಸುವುದು ಅನ್ಯಾಯ ಎಂದೆಲ್ಲ ವಾದ ಮಾಡಿದೆ. ಅಣ್ಣ ತಲೆದೂಗುತ್ತಿದ್ದ. ಗೆದ್ದೆ ಎಂದುಕೊಂಡೆ.

ಆಗ ಚಂದನ ಬಾಯಿಬಿಟ್ಟಳು. ದನಿ ಎತ್ತಲಿಲ್ಲ.

"ಅತ್ತೆ, ಗೂಡ್ ಕಟ್ಟಕ್ಕೆ ಚಂದ್ರಿಕೆ ಮೇಲೆ ಬುಟ್ಮೇಲೆ, ಕೊನೇಲಿ ಒಂದ್ ಹುಳ ಗೂಡೇ ಕಟ್ದೆ ಸುತ್ತಾಡ್ತದಲ್ಲ, ಅದೇನಾಯ್ತದೆ ಹೇಳಿ."

ನನಗೆ ಗೊತ್ತಿರಲಿಲ್ಲ. ಅಂಥದೊಂದು ಹುಳು ಇದೆ ಎಂಬುದೇ ಗೊತ್ತಿರಲಿಲ್ಲ. ಯಾವ ಹುಳು ಎಂದು ಕೇಳಿದರೆ ಸಿಕ್ಕಿಬೀಳುತ್ತೇನೆ ಎಂದು ಅವರೆಕಾಯಿಗೆ ಕೈ ಹಾಕಿದೆ.

"ಆ ಯಪ್ಪ ಅದ್ರ ಬಗ್ಗೆ ಅರ್ಧ ಪುಟ ಬರ್ದವ್ನೆ ಅತ್ತೆ. ನಾಕ್ ಜ್ವರದಲ್ಲೂ ಹುಳ ಸಾಯಿಸ್ಕೊಂಡು, ಮಿಕ್ಕಿದ್ದನ್ನೇ ಸಾಕ್ಕೊಂಡು ಕೊನೇಗಂಟ ಆಡವ್ನೆ. ನೀವ್ ಎಷ್ಟೊತ್ತು ಆಡಿದ್ರಿ ಅಂತ ನಿಮ್ ಹತ್ ಮಾರ್ಕ್ಸ್ ಪಕ್ಕದಲ್ಲೇ ಬತ್ತದೆ. ಹನ್ನೊಂದ್ ನಿಮಿಷ."

ಎಷ್ಟು ಹೊತ್ತು ಆಡಿದ್ದೇವೆ ಎಂಬುದನ್ನು ಆ ಯಂತ್ರ ಅಭಿಪ್ರಾಯದ ಪಕ್ಕದಲ್ಲೇ ಊರಿಗೆಲ್ಲ ತೋರಿಸುತ್ತದೆ ಎಂದು ನನಗೆ ಯಾರು ಹೇಳಿದ್ದರು? ಇಡೀ ಪ್ರಪಂಚದ ಮೇಲೆ ಅನುಮಾನ ಪಟ್ಟವಳು ಆ ಒಂದು ಮೂಲೆಯನ್ನು ನೋಡಿರಲಿಲ್ಲ. ಅತ್ತಿಗೆ ತಲೆ ತಗ್ಗಿಸಿ ಕಾಯಿ ಸುಲಿಯುತ್ತಿದ್ದರು, ನಗು ತಡೆದುಕೊಳ್ಳುತ್ತಿದ್ದರೋ ಏನೋ. ಚಂದನ ಮಾತ್ರ ನಗಲಿಲ್ಲ. ನನ್ನ ಹತ್ತನ್ನು ನೋಡಿದ ದಿನವೇ ಅವಳು ಆ ಹನ್ನೊಂದನ್ನೂ ನೋಡಿದ್ದಳು, ಬೇಜಾರು ಮಾಡಿಕೊಂಡು ಸುಮ್ಮನಿದ್ದಳು ಎಂಬುದು ನನಗೆ ಆಗ ಹೊಳೆಯಿತು.

ಮಾತು ಬದಲಿಸಲು, ಆದರೂ ಜ್ವರ ಗೊತ್ತಿಲ್ಲದವನು ಎಂಥ ವಿಮರ್ಶಕ ಅಂದೆ. ಅದು ತನ್ನದೇ ತಪ್ಪು ಅಂದಳು ಹುಡುಗಿ. ಜ್ವರ ಎಂದರೇನು ಎಂದು ಗೇಮಿನಲ್ಲಿ ಎಲ್ಲೂ ಬರೆದೇ ಇರಲಿಲ್ಲವಂತೆ. ಬರೆಯಬೇಕು ಎಂದು ತಲೆಗೇ ಬಂದಿರಲಿಲ್ಲ, ಜ್ವರಕ್ಕೆ ಕೂತಾಗ ಯಾರಾದರೂ ಸೊಪ್ಪು ಹಾಕುತ್ತಾರೆಯೇ? ಆಡಿಸಿ ನೋಡಿದ ನಾಲ್ಕು ಮನೆಯವರೂ ಹುಳು ಸಾಕುವವರೇ. ಹುಳು ತಲೆ ಎತ್ತಿದ ಕೂಡಲೇ ಅವರೆಲ್ಲ ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ಮುದ್ದೆಗೆ ಎಸರಿಟ್ಟೋ, ದನಕ್ಕೆ ನೀರು ಕುಡಿಸಿಯೋ ಬಂದು ಮುಂದಕ್ಕೆ ಆಡಿದ್ದರು. ಒಬ್ಬರಿಗೂ ಅದು ದೋಷ ಅನ್ನಿಸಿರಲಿಲ್ಲ. ಅಷ್ಟು ಹುಳು ಕಳೆದುಕೊಂಡೂ ಆತ ಆರು ಕೊಟ್ಟಿದ್ದಾನಲ್ಲ, ದೊಡ್ಡ ಮನಸ್ಸು ಅಂದಳು ಚಂದನ.

 ಅಣ್ಣ ಎದ್ದು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಅದನ್ನು ತನ್ನ ಮೊಬೈಲಿಗೆ ಹಾಕಿಕೊಡು ಎಂದ. ಫ್ಯಾಕ್ಟರಿಯವರಿಗೆ ಏನು ಹೇಳುವುದು ಎಂದು ಅತ್ತಿಗೆ ಕೇಳಿದರು. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಹುಳುಮನೆಯ ಕಡೆ ಹೋದ. ನನಗೆ ಊಟ ಸೇರಲಿಲ್ಲ.

ಆ ವಾರ ನಂಜನಗೂಡಿನಲ್ಲಿ ಕೂತು ನಾನೂ ಆಡಿದೆ. ಪ್ರಾಯಶ್ಚಿತ್ತ ಎಂದು ಹೇಳಿಕೊಂಡೆ, ನಿಜಕ್ಕೂ ಆ ಹುಳುವಿಗೆ ಏನಾಗುತ್ತದೆಂಬ ಕುತೂಹಲ. ಮೂರನೇ ಜ್ವರದ ಹೊತ್ತಿಗೆ ನನಗೆ ತಡೆಯಲಾರದಷ್ಟು ಬೇಸರವಾಯಿತು. ಹುಳು ಸಾಕಿದ ಮನೆಯಲ್ಲಿ ಹುಟ್ಟಿಯೂ ಬೇಸರವಾಯಿತು. ಆ ಪಾಪದ ವಿಮರ್ಶಕ ಹೇಗೆ ತಡೆದುಕೊಂಡನೋ ಅನ್ನಿಸಿತು. ಕೊನೆಯ ದಿನ ಆ ಒಂಟಿ ಹುಳು ಚಂದ್ರಿಕೆಯ ಅಂಚಿನಲ್ಲಿ ಮೇಲೆ ಕೆಳಗೆ ಓಡಾಡಿ, ಎಲ್ಲ ಗೂಡುಗಳೂ ಮುಚ್ಚಿಕೊಂಡ ಮೇಲೆ, ಬುಡದಲ್ಲಿ ಒಂದು ಮೂಲೆ ಹಿಡಿದು ನೂಲು ಬಿಡತೊಡಗುತ್ತದೆ. ಅಲ್ಲಿಗೆ ಮುಗಿಯುತ್ತದೆ.  ಇದನ್ನು ಮಾಡಿದವಳನ್ನು ನಾನು ಹನ್ನೊಂದು ನಿಮಿಷದಲ್ಲಿ ಹೊಗಳಿ ಮುಗಿಸಿಬಿಟ್ಟಿದ್ದೆ.

ಮುಂದಿನ ಭಾನುವಾರ ಮತ್ತೆ ಹೋದೆ. ಅಣ್ಣ ಜಗಲಿಯಲ್ಲೇ ಇದ್ದ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಮೊಬೈಲು. ಚಂದನ ಹೊಸಿಲ ಒಳಗೆ ನಿಂತಿದ್ದಳು, ಹೊರಗೆ ಬರಲು ಧೈರ್ಯವಿಲ್ಲದವಳ ಹಾಗೆ. ಅಣ್ಣ ಅವಳನ್ನು ಕರೆದ.

"ಐದು ಕನವ್ವ," ಅಂದ.

ಅತ್ತಿಗೆ ನನ್ನ ಮುಖ ನೋಡಿದರು. ಆ ಹೊರಗಿನವನಿಗಿಂತಲೂ ಒಂದು ಕಡಿಮೆ. ಅಪ್ಪನಾದವನು ಬಾಯಿಮಾತಿಗಾದರೂ ಏಳೆಂಟು ಅನ್ನಬಾರದಿತ್ತೇ ಎಂದು ನನಗೆ ಸಿಟ್ಟು ಬಂತು, ಆದರೆ ಬಾಯಿ ತೆರೆಯುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

"ಇಪ್ಪತ್ತೆಂಟ್ ದಿನ್ವೂ ನಾನೇ ಆಡ್ದಿ. ಬೇಕಂತ ಒದ್ದೆ ಸೊಪ್ಪಾಕ್ದಿ, ಒಂದ್ ಉಳನೂ ಸಾಯ್ನಿಲ್ಲ. ಅದೆಂಗವ್ವ? ಸಪ್ಪೆ ರೋಗ ಬಂದು ಅರ್ಧ ತಟ್ಟೆ ಓಗ್ಬೇಕಾಗಿತ್ತು. ಉಳಮನೆ ಬಾಗ್ಲಲ್ಲಿ ತುಳ್ಕಂಡ್ ಬರೋ ಸುಣ್ಣ ಎಲ್ಲದೆ? ಕಂಡೋರೆಲ್ಲ ಅಂಗೇ ಒಳಕ್ ಬತ್ತಾವ್ರೆ. ಕಡೇ ಜ್ವರ ಎದ್ದ ಉಳಕ್ಕೆ ನೀನ್ ಮಡಗಿರೋ ಸೊಪ್ಪು ಎಲ್ಗೂ ಸಾಲಕಿಲ್ಲ. ಇದ್ನೆಲ್ಲ ಬರ್ಕೊ. ಮುಂದಿನ್ ಬೆಳೆಗೆ ಸರಿ ಮಾಡು."

 ಅತ್ತಿಗೆ, ಹಾಗಾದರೆ ಆ ಕೆಲಸದ ವಿಷಯ ತಮ್ಮನಿಗೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದರು.

"ಯಾವ್ ಕೆಲ್ಸ?" ಅಂದ ಅಣ್ಣ, ಮೊಬೈಲಿನಿಂದ ತಲೆ ಎತ್ತದೆ.

ಚಂದನ ಒಳಗೆ ಓಡಿ ನೋಟ್‌ಬುಕ್ಕು ಪೆನ್ನು ತಂದಳು. ಅಣ್ಣ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ. ಅವನು ಒಂದೊಂದೇ ತಪ್ಪು ಹೇಳುತ್ತ ಹೋದ, ಅವಳು ಬರೆದುಕೊಳ್ಳುತ್ತ ಹೋದಳು. ಇನ್ನೇನಾದರೂ ಇದೆಯಾ ಅಪ್ಪ, ಇನ್ನೇನಾದರೂ ಇದೆಯಾ ಎಂದು ಕೇಳುತ್ತಲೇ ಇದ್ದಳು. ನನ್ನ ಹತ್ತಕ್ಕೆ ಹತ್ತು ಕೈಗೆ ಸಿಕ್ಕಿದ ದಿನ ಆ ಮಗುವಿನ ಮುಖದಲ್ಲಿ ಇಂಥ ಸಂತೋಷ ಇದ್ದಿರಲಾರದು.